ಕ್ಯಾನ್ಸರ್ ಶಿವನು ವಿಧಿಸಿದ ಶಿಕ್ಷೆಯಲ್ಲ



ಊರಿನಲ್ಲಿ ಯಾರಿಗಾದರೂ ಕ್ಯಾನ್ಸರ್ ಬಂದಿದೆಯೆಂಬ ಸುದ್ದಿ ಹರಡಿದೊಡನೆ ಮೊದಲು ಕೇಳಿಬರುವ ಮಾತು ಚಿಕಿತ್ಸೆಯ ಕುರಿತಾದುದಲ್ಲ. ‘ಯಾವ ಜನ್ಮದ ಕರ್ಮವೋ ಏನೋ’ ಎಂಬ ನಿಟ್ಟುಸಿರೇ ಮೊದಲು ಬರುತ್ತದೆ. ಹಾಗೆನ್ನುವವರಲ್ಲಿ ಕೆಡುಕಿನ ಭಾವವಿರುವುದಿಲ್ಲ. ಅರ್ಥವಾಗದ ದುಃಖಕ್ಕೆ ಒಂದು ಕಾರಣವನ್ನು ಹುಡುಕುವ ತವಕವಷ್ಟೇ ಅದು. ಆದರೆ ಹಾಸಿಗೆ ಹಿಡಿದವರ ಕಿವಿಗೆ ಆ ಮಾತು ತೀರ್ಪಿನಂತೆ ಕೇಳಿಸುತ್ತದೆ. ದೇಹದ ನೋವಿನ ಮೇಲೆ ಅಪರಾಧಿಭಾವದ ಹೊರೆಯೂ ಬಂದು ಕೂರುತ್ತದೆ. ಅದಕ್ಕಿಂತಲೂ ದೊಡ್ಡ ಹಾನಿ ಮತ್ತೊಂದಿದೆ. ರೋಗವು ಪಾಪದ ಗುರುತೆಂದು ನಂಬಿದ ಸಮಾಜದಲ್ಲಿ ರೋಗವನ್ನು ಮುಚ್ಚಿಡುವವರು ಹೆಚ್ಚುತ್ತಾರೆ. ಬಾಯಿಯ ಹುಣ್ಣನ್ನೂ ಎದೆಯ ಗಂಟನ್ನೂ ತಿಂಗಳುಗಟ್ಟಲೆ ಯಾರಿಗೂ ತೋರಿಸದೆ, ಹರಕೆ ಹೊತ್ತು, ನಾಟಿ ಔಷಧ ಹಚ್ಚಿಕೊಂಡು, ಕೊನೆಗೆ ಆಸ್ಪತ್ರೆಯ ಮೆಟ್ಟಿಲು ಹತ್ತುವ ವೇಳೆಗೆ ಗುಣವಾಗಬಹುದಾಗಿದ್ದ ರೋಗ ಕೈಮೀರಿರುತ್ತದೆ.

ಕ್ಯಾನ್ಸರನ್ನು ದೇವರ ಶಿಕ್ಷೆಯೆನ್ನುವುದು ವಿಜ್ಞಾನಕ್ಕೆ ಮಾತ್ರವಲ್ಲ, ಶರಣಧರ್ಮಕ್ಕೂ ಸಲ್ಲದ ಮಾತು ಎಂಬುದನ್ನು ಭಕ್ತರ ಮುಂದಿಡುವುದೇ ಈ ಲೇಖನದ ಉದ್ದೇಶ. ಜೀವಕೋಶದ ಬಗ್ಗೆ ಸಂಶೋಧಕರು ಕಂಡುಕೊಂಡುದನ್ನು ತಿಳಿದರೆ ನಮ್ಮ ಭಕ್ತಿ ಕುಂದುವುದಿಲ್ಲ. ಭಕ್ತಿಯ ಹೆಸರಿನಲ್ಲಿ ನಾವು ಹೊತ್ತುಕೊಂಡಿರುವ ಭಯ ಮಾತ್ರ ಕುಂದುತ್ತದೆ.

ದೇಹದೊಳಗಿನ ವ್ಯವಸ್ಥೆ

ಮಾನವದೇಹದಲ್ಲಿ ಸುಮಾರು 30ರಿಂದ 37 ಲಕ್ಷ ಕೋಟಿ ಜೀವಕೋಶಗಳಿವೆ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಇವುಗಳಲ್ಲಿ ದಿನವೊಂದಕ್ಕೆ ಸುಮಾರು 33 ಸಾವಿರ ಕೋಟಿ ಕೋಶಗಳು ಅಳಿದು, ಅಷ್ಟೇ ಹೊಸ ಕೋಶಗಳು ಹುಟ್ಟುತ್ತವೆ. ಅವುಗಳಲ್ಲಿ ಬಹುಪಾಲು ರಕ್ತದ ಕೋಶಗಳು. ಕರುಳಿನ ಒಳಪದರದ ಕೋಶಗಳೂ ಉಂಟು. ಕೋಶವೊಂದು ಎರಡಾಗುವಾಗ ತನ್ನೊಳಗಿನ ಡಿಎನ್‌ಎಯನ್ನು ಪೂರ್ತಿಯಾಗಿ ನಕಲು ಮಾಡಬೇಕು. ಆ ಡಿಎನ್‌ಎ ಎಂಬುದು ಸುಮಾರು 300 ಕೋಟಿ ಅಕ್ಷರಗಳ ಗ್ರಂಥವಿದ್ದಂತೆ. ನಮ್ಮ ಬಹುತೇಕ ಕೋಶಗಳಲ್ಲಿ ಅದರ ಎರಡೆರಡು ಪ್ರತಿಗಳಿವೆ, ಒಂದು ತಾಯಿಯಿಂದ ಬಂದುದು, ಇನ್ನೊಂದು ತಂದೆಯಿಂದ ಬಂದುದು. ಹಿಂದಿನ ಕಾಲದಲ್ಲಿ ಮಠಗಳಲ್ಲಿ ತಾಳೆಗರಿಯ ಕಟ್ಟುಗಳನ್ನು ಪ್ರತಿ ಮಾಡುತ್ತಿದ್ದ ಲಿಪಿಕಾರರಿಂದ ಅಲ್ಲೊಂದು ಇಲ್ಲೊಂದು ಅಕ್ಷರ ತಪ್ಪುತ್ತಿದ್ದಂತೆ ಇಲ್ಲಿಯೂ ತಪ್ಪುಗಳಾಗುತ್ತವೆ. ಪ್ರತಿಯನ್ನು ತಿದ್ದುವ ಪಂಡಿತರಂತೆ ತಪ್ಪನ್ನು ಹುಡುಕಿ ಸರಿಪಡಿಸುವ ಏರ್ಪಾಡೂ ಕೋಶದೊಳಗೇ ಇದೆ. ಈ ಏರ್ಪಾಡು ಕೆಲಸ ಮಾಡುವ ಬಗೆಯನ್ನು ಬಿಡಿಸಿ ತೋರಿಸಿದ ತೋಮಾಸ್ ಲಿಂಡಾಲ್, ಪಾಲ್ ಮಾಡ್ರಿಚ್ ಮತ್ತು ಅಜೀಜ್ ಸಂಜಾರ್ ಎಂಬ ಮೂವರಿಗೆ 2015ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಪ್ರಶಸ್ತಿ ಸಂದಿತು.

ತಿದ್ದಲಾಗದಷ್ಟು ಹಾನಿಯಾದ ಕೋಶದ ಗತಿಯೇನು? ಅದು ತನ್ನನ್ನು ತಾನೇ ಅಳಿಸಿಕೊಳ್ಳುತ್ತದೆ. ಸುತ್ತಲಿನ ಕೋಶಗಳಿಗೆ ತೊಂದರೆಯಾಗದಂತೆ ಕುಗ್ಗಿ, ಚೂರುಗಳಾಗಿ, ನೆರೆಯ ಕೋಶಗಳಿಗೆ ಆಹಾರವಾಗಿ ಇಲ್ಲವಾಗುತ್ತದೆ. 1972ರಲ್ಲಿ ಕೆರ್, ವೈಲಿ ಮತ್ತು ಕರಿ ಎಂಬ ಸಂಶೋಧಕರು ಇದಕ್ಕೆ ‘ಅಪೊಪ್ಟೋಸಿಸ್’ ಎಂದು ಹೆಸರಿಟ್ಟರು. ಗ್ರೀಕ್ ಭಾಷೆಯಲ್ಲಿ ಆ ಮಾತಿಗೆ ಮರದಿಂದ ಎಲೆ ಉದುರುವುದೆಂಬ ಅರ್ಥವಿದೆ. ತಾಯಿಯ ಗರ್ಭದಲ್ಲಿ ಶಿಶುವಿನ ಅಂಗೈ ಮೊದಲು ಹುಟ್ಟಿನ ಆಕಾರದಲ್ಲಿರುತ್ತದೆ. ಬೆರಳುಗಳ ನಡುವಿನ ಕೋಶಗಳು ಹೀಗೆ ಅಳಿದುಹೋದಾಗಲೇ ಐದು ಬೆರಳು ಬಿಡಿಬಿಡಿಯಾಗಿ ಮೂಡುತ್ತವೆ. ಒಂದು ಮಿಲಿಮೀಟರ್ ಉದ್ದದ ಒಂದು ಬಗೆಯ ಹುಳು ಬೆಳೆಯುವಾಗ ಹುಟ್ಟುವ 1090 ಕೋಶಗಳಲ್ಲಿ ತಪ್ಪದೆ 131 ಕೋಶಗಳು ನಿಗದಿತ ಕಾಲದಲ್ಲಿ ಅಳಿಯುತ್ತವೆ. ಆ ಹುಳುವಿನ ಅಧ್ಯಯನಕ್ಕೆ 2002ರಲ್ಲಿ ವೈದ್ಯವಿಜ್ಞಾನದ ನೊಬೆಲ್ ಸಂದಿತು.

1979ರಲ್ಲಿ ಪತ್ತೆಯಾದ ‘ಪಿ53’ ಎಂಬ ಪ್ರೋಟೀನು ಈ ವ್ಯವಸ್ಥೆಯ ಮುಖ್ಯ ಕಾವಲುಗಾರ. ಡಿಎನ್‌ಎಗೆ ಪೆಟ್ಟಾದಾಗ ಕೋಶವಿಭಜನೆಯನ್ನು ತಡೆದು ನಿಲ್ಲಿಸುವುದು, ದುರಸ್ತಿಗೆ ಅವಕಾಶ ಕೊಡುವುದು, ದುರಸ್ತಿಯಾಗದಿದ್ದರೆ ಕೋಶವನ್ನು ಅಳಿವಿಗೆ ಒಪ್ಪಿಸುವುದು ಅದರ ಕೆಲಸ. ಮನುಷ್ಯರಿಗೆ ಬರುವ ಕ್ಯಾನ್ಸರ್‌ಗಳಲ್ಲಿ ಸುಮಾರು ಅರ್ಧದಷ್ಟರಲ್ಲಿ ಈ ಕಾವಲುಗಾರನೇ ಕೆಟ್ಟಿರುತ್ತಾನೆ. ಬೆಳೆಯೆಂದು ಹೇಳುವ ಜೀನುಗಳು ಸದಾ ಬೆಳೆಯೆಂದೇ ಹೇಳುತ್ತ, ನಿಲ್ಲೆಂದು ಹೇಳುವ ಜೀನುಗಳು ಮೌನವಾದಾಗ ಕೋಶಗಳು ಮಿತಿಯಿಲ್ಲದೆ ಹೆಚ್ಚುತ್ತವೆ. ಇಂಥ ಹಲವು ತಪ್ಪುಗಳು ಒಂದೇ ಕೋಶಸಂತತಿಯಲ್ಲಿ ಒಟ್ಟುಗೂಡಲು ಸಾಮಾನ್ಯವಾಗಿ ವರ್ಷಗಳೇ ಬೇಕು. ವಯಸ್ಸಾದಂತೆ ಕ್ಯಾನ್ಸರ್ ಹೆಚ್ಚುವುದಕ್ಕೆ ಇದು ಒಂದು ಮುಖ್ಯ ಕಾರಣ. ಕ್ಯಾನ್ಸರನ್ನು ಉಂಟುಮಾಡುವ ಜೀನುಗಳು ಮೂಲತಃ ನಮ್ಮದೇ ಆರೋಗ್ಯವಂತ ಕೋಶಗಳ ಜೀನುಗಳೆಂಬುದನ್ನು ತೋರಿಸಿಕೊಟ್ಟ ಬಿಷಪ್ ಮತ್ತು ವಾರ್ಮಸ್ ಅವರಿಗೆ 1989ರಲ್ಲಿ ನೊಬೆಲ್ ದೊರೆಯಿತು. ದೇಹವನ್ನು ಬೆಳೆಸುವ ಶಕ್ತಿಯೇ ಮಿತಿ ತಪ್ಪಿದಾಗ ರೋಗವಾಗುತ್ತದೆ.

ಸಮಷ್ಟಿಯ ಹಿತಕ್ಕಾಗಿ ತನ್ನನ್ನು ಸಮರ್ಪಿಸಿಕೊಳ್ಳುವ ಕೋಶದ ಈ ನಡೆಯನ್ನು ಓದುವಾಗ ನಮಗೆ ದಾಸೋಹತತ್ತ್ವ ನೆನಪಾಗುವುದು ಸಹಜ. ನೆನಪಾಗಲಿ. ಆದರೆ ಅದು ಹೋಲಿಕೆ ಮಾತ್ರ ಎಂಬ ಎಚ್ಚರವೂ ಇರಲಿ. ಕೋಶಕ್ಕೆ ಪಾಪಪುಣ್ಯಗಳ ಅರಿವಿಲ್ಲ. ಕ್ಯಾನ್ಸರ್ ಕೋಶವನ್ನು ಸ್ವಾರ್ಥಿಯೆಂದೂ ದುಷ್ಟನೆಂದೂ ಬಣ್ಣಿಸಿ, ಆ ದೋಷವನ್ನು ಮೆಲ್ಲಗೆ ರೋಗಿಯ ಮೇಲೆ ಹೊರಿಸುವುದು ಹಳೆಯ ತಪ್ಪಿನ ಹೊಸ ರೂಪವಾದೀತು.

ಗುರುಕರಜಾತನಿಗೆ ಪೂರ್ವಜನ್ಮವೆಲ್ಲಿ?

ಈಗ ಕರ್ಮದ ಮಾತಿಗೆ ಬರೋಣ. ಲಿಂಗದೀಕ್ಷೆ ಪಡೆದವನು ಗುರುಕರಜಾತನೆಂಬುದು ನಮ್ಮ ಧರ್ಮದ ಮೂಲಭಾವನೆ. ಗುರುವಿನ ಹಸ್ತದಲ್ಲಿ ಅವನಿಗೆ ಹೊಸ ಹುಟ್ಟು. ಹಿಂದಿನದು ಅಲ್ಲಿಗೆ ಕಳೆಯಿತು. ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ ಎಂಬ ಐದು ಸೂತಕಗಳನ್ನು ಶರಣರು ಅಲ್ಲಗಳೆದದ್ದೂ ಇದೇ ನಂಬಿಕೆಯ ಬಲದಿಂದ. ಹೀಗಿರುವಾಗ ಲಿಂಗಧಾರಿಯಾದ ತಾಯಿಗೆ ಎದೆಯ ಕ್ಯಾನ್ಸರ್ ಬಂದಾಗ ಹಿಂದಿನ ಜನ್ಮದ ಲೆಕ್ಕವನ್ನು ತೆಗೆಯುವುದೆಂದರೆ ಗುರು ಕೊಟ್ಟ ದೀಕ್ಷೆಯನ್ನೇ ಸಂಶಯಿಸಿದಂತೆ.

ರೋಗವು ಪಾಪಕ್ಕೆ ಅಳತೆಗೋಲಾಗಿದ್ದರೆ ಮಹಾತ್ಮರಿಗೆ ಅದು ಬರಬಾರದಿತ್ತು. ಶ್ರೀ ರಾಮಕೃಷ್ಣ ಪರಮಹಂಸರು ಗಂಟಲಿನ ಕ್ಯಾನ್ಸರಿನಿಂದ ನರಳಿ 1886ರ ಆಗಸ್ಟ್ 16ರಂದು ದೇಹ ಬಿಟ್ಟರು. ತಿರುವಣ್ಣಾಮಲೆಯ ಶ್ರೀ ರಮಣ ಮಹರ್ಷಿಗಳ ಎಡತೋಳಿನಲ್ಲಿ ಸಾರ್ಕೋಮಾ ಎಂಬ ಗಡ್ಡೆ ಬೆಳೆಯಿತು. 1949ರಲ್ಲಿ ಹಲವು ಬಾರಿ ಶಸ್ತ್ರಚಿಕಿತ್ಸೆಯಾಯಿತು. 1950ರ ಏಪ್ರಿಲ್ 14ರಂದು ಅವರು ಇಲ್ಲವಾದರು. ಈ ಇಬ್ಬರ ಬಾಳಿನಲ್ಲಿ ಶಿಕ್ಷೆಗೆ ತಕ್ಕ ಪಾಪವನ್ನು ಹುಡುಕುವ ಧೈರ್ಯ ಯಾರಿಗಿದೆ?

ಪರಮಹಂಸರ ಚಿಕಿತ್ಸೆಯ ಪ್ರಸಂಗದಲ್ಲಿ ನಾವು ಕಲಿಯಬೇಕಾದ ಇನ್ನೊಂದು ಸಂಗತಿಯಿದೆ. ಅವರನ್ನು ನೋಡಿಕೊಂಡ ವೈದ್ಯರು ಡಾ. ಮಹೇಂದ್ರಲಾಲ್ ಸರ್ಕಾರ್. ಭಾರತೀಯರೇ ನಡೆಸುವ ವಿಜ್ಞಾನ ಸಂಶೋಧನೆಗೆ ನೆಲೆಯೊಂದು ಬೇಕೆಂದು 1876ರಲ್ಲಿ ಕಲ್ಕತ್ತೆಯಲ್ಲಿ ‘ಇಂಡಿಯನ್ ಅಸೋಸಿಯೇಷನ್ ಫಾರ್ ದಿ ಕಲ್ಟಿವೇಷನ್ ಆಫ್ ಸೈನ್ಸ್’ ಸಂಸ್ಥೆಯನ್ನು ಕಟ್ಟಿದವರು ಅವರೇ. ಮುಂದೆ ಬೆಂಗಳೂರಿನಲ್ಲಿ ನೆಲೆಸಿದ ಸರ್ ಸಿ. ವಿ. ರಾಮನ್ನರು 1928ರಲ್ಲಿ ತಮ್ಮ ಹೆಸರಿನ ಪರಿಣಾಮವನ್ನು ಕಂಡುಹಿಡಿದದ್ದು ಆ ಸಂಸ್ಥೆಯಲ್ಲಿಯೇ. ಸರ್ಕಾರರು ವಿಚಾರವಾದಿ, ಅವತಾರಕಲ್ಪನೆಯನ್ನು ಒಪ್ಪಿದವರಲ್ಲ. ಆದರೂ ರೋಗಿಯ ಹಾಸಿಗೆಯ ಬಳಿ ಗಂಟೆಗಟ್ಟಲೆ ಕುಳಿತು ದೇವರ ಬಗ್ಗೆ ವಾದಿಸುತ್ತಿದ್ದರು, ಪರಮಹಂಸರ ಮಾತನ್ನು ಪ್ರೀತಿಯಿಂದ ಆಲಿಸುತ್ತಿದ್ದರು. ಒಬ್ಬರ ನಂಬಿಕೆ ಇನ್ನೊಬ್ಬರ ಔಷಧಕ್ಕೆ ಅಡ್ಡಬರಲಿಲ್ಲ.

ನಮ್ಮ ಪರಂಪರೆಯಲ್ಲಿಯೂ ಇದಕ್ಕೆ ಆಧಾರವುಂಟು. 12ನೆಯ ಶತಮಾನದ ಶರಣರಲ್ಲಿ ವೈದ್ಯ ಸಂಗಣ್ಣನವರೆಂಬ ವಚನಕಾರರಿದ್ದರು. ಹೆಸರೇ ಹೇಳುವಂತೆ ವೈದ್ಯವೇ ಅವರ ಕಾಯಕ. ಅವರ ವಚನಗಳಲ್ಲಿ ವೈದ್ಯದ ಪರಿಭಾಷೆ ಅಧ್ಯಾತ್ಮದೊಡನೆ ಬೆರೆತು ಬರುತ್ತದೆ. ಮದ್ದು ಕೊಡುವ ಕೈಯನ್ನು ಶರಣರು ದೇವರಿಗೆ ಎದುರಾದ ಕೈಯೆಂದು ಬಗೆಯಲಿಲ್ಲ, ಕಾಯಕಜೀವಿಯ ಕೈಯೆಂದು ಗೌರವಿಸಿದರು.

ಕ್ಯಾನ್ಸರ್ ಮನುಷ್ಯರಿಗೆ ಮಾತ್ರ ಬರುವ ರೋಗವೂ ಅಲ್ಲ. ಏಳು ಕೋಟಿ ವರ್ಷಗಳಿಗಿಂತ ಹಿಂದೆ ಬಾಳಿದ ಡೈನೋಸಾರ್ ಒಂದರ ಕಾಲಿನ ಮೂಳೆಯಲ್ಲಿ ಕ್ಯಾನ್ಸರಿನ ಗುರುತುಗಳಿದ್ದುದನ್ನು 2020ರಲ್ಲಿ ಸಂಶೋಧಕರು ಪ್ರಕಟಿಸಿದರು. ಮತ್ತೊಂದು ಕಡೆ, ಅಷ್ಟು ದೊಡ್ಡ ದೇಹದ ಆನೆಗೆ ಕ್ಯಾನ್ಸರ್ ಬರುವುದು ವಿರಳ. ಪಿ53 ಪ್ರೋಟೀನನ್ನು ಕೊಡುವ ಜೀನು ಮನುಷ್ಯನಲ್ಲಿ ಒಂದು ಜೋಡಿಯಿದ್ದರೆ ಆನೆಯಲ್ಲಿ ಸುಮಾರು 20 ಜೋಡಿಗಳಿವೆಯೆಂಬುದು 2015ರಲ್ಲಿ ತಿಳಿದುಬಂತು. ಆನೆಯ ಪೂರ್ವಪುಣ್ಯ ನಮಗಿಂತ ದೊಡ್ಡದೆಂದು ಯಾರೂ ವಾದಿಸಲಾರರು.

ಹಾಗಾದರೆ ಇಂಥ ರೋಗಕ್ಕೆ ಎಡೆಯಿರುವ ಸೃಷ್ಟಿಯನ್ನು ಶಿವನೇಕೆ ಮಾಡಿದನೆಂಬ ಪ್ರಶ್ನೆ ಉಳಿಯುತ್ತದೆ. ಡಿಎನ್‌ಎ ನಕಲಿನಲ್ಲಿ ಎಂದೂ ಒಂದಕ್ಷರವೂ ಬದಲಾಗದಿದ್ದರೆ ಭೂಮಿಯ ಮೇಲೆ ಇಷ್ಟೊಂದು ಬಗೆಯ ಜೀವಿಗಳು ಹುಟ್ಟುತ್ತಲೇ ಇರಲಿಲ್ಲ, ಮನುಷ್ಯನೂ ಇರುತ್ತಿರಲಿಲ್ಲ ಎಂದು ಜೀವವಿಜ್ಞಾನ ಹೇಳುತ್ತದೆ. ವೈವಿಧ್ಯವನ್ನು ಕೊಟ್ಟ ಬಾಗಿಲಿನಿಂದಲೇ ರೋಗವೂ ಒಳಬಂದಿದೆ. ಈ ಉತ್ತರ ಬುದ್ಧಿಗೆ ಒಪ್ಪಬಹುದು. ಮಗುವಿಗೆ ರಕ್ತದ ಕ್ಯಾನ್ಸರ್ ಬಂದ ತಂದೆತಾಯಿಯ ಕಣ್ಣೀರನ್ನು ಅದು ಒರೆಸಲಾರದು. ಅಲ್ಲಿ ವಿವರಣೆಗಿಂತ ಪಕ್ಕದಲ್ಲಿ ಕುಳಿತು ಕೈಹಿಡಿಯುವವರು ಬೇಕು. ದೇವರ ಕರುಣೆ ರೋಗಿಗೆ ತಲುಪುವುದು ಅಂಥ ಕೈಗಳ ಮೂಲಕವೇ ಎಂಬುದು ನನ್ನ ದೃಢವಾದ ನಂಬಿಕೆ.

ತಂಬಾಕು ಮತ್ತು ಮಹಾಂತ ಜೋಳಿಗೆ

ಕಾರಣ ಗೊತ್ತಿಲ್ಲದ ಕ್ಯಾನ್ಸರ್‌ಗಳು ಅನೇಕ. ಆದರೆ ಕಾರಣ ಚೆನ್ನಾಗಿ ಗೊತ್ತಿರುವವೂ ಇವೆ. ಗರ್ಭಕೊರಳಿನ ಕ್ಯಾನ್ಸರ್ ವಿಷಯವಾಗಿ ನಮ್ಮ ಹೆಣ್ಣುಮಕ್ಕಳು ಪಟ್ಟ ನಾಚಿಕೆ, ಕೇಳಿದ ಕೊಂಕುಮಾತು ಅಷ್ಟಿಷ್ಟಲ್ಲ. ಅದಕ್ಕೆ ಕಾರಣ ಎಚ್‌ಪಿವಿ ಎಂಬ ಅತಿ ಸಾಮಾನ್ಯವಾದ ವೈರಾಣು. ಇದನ್ನು ಕಂಡುಹಿಡಿದ ಜರ್ಮನಿಯ ಹೆರಾಲ್ಡ್ ಸುರ್ ಹೌಸೆನ್ ಅವರಿಗೆ 2008ರಲ್ಲಿ ನೊಬೆಲ್ ಸಂದಿತು. ಈಗ ಅದನ್ನು ತಡೆಯುವ ಲಸಿಕೆಯೇ ಇದೆ; ಹೆಣ್ಣುಮಕ್ಕಳು ಹರೆಯಕ್ಕೆ ಕಾಲಿಡುವ ಮುನ್ನ ಅದನ್ನು ಹಾಕಿಸುವುದು ಉತ್ತಮ.

ನಮ್ಮ ಸೀಮೆಯ ದೊಡ್ಡ ಶತ್ರು ತಂಬಾಕು. 2022ರ ಜಾಗತಿಕ ಅಂದಾಜಿನಂತೆ ಆ ವರ್ಷ ಭಾರತದಲ್ಲಿ 14 ಲಕ್ಷಕ್ಕೂ ಹೆಚ್ಚು ಜನರಿಗೆ ಹೊಸದಾಗಿ ಕ್ಯಾನ್ಸರ್ ಕಾಣಿಸಿಕೊಂಡಿತು, 9 ಲಕ್ಷಕ್ಕೂ ಹೆಚ್ಚು ಜನರು ಅದರಿಂದ ತೀರಿಕೊಂಡರು. ಜಗತ್ತಿನ ಒಟ್ಟು ಬಾಯಿ ಕ್ಯಾನ್ಸರ್‌ನಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ನಮ್ಮ ದೇಶದ್ದು. 2016-17ರ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ಕರ್ನಾಟಕದ ವಯಸ್ಕರಲ್ಲಿ ಶೇ. 22.8ರಷ್ಟು ಜನ ಒಂದಲ್ಲ ಒಂದು ರೂಪದಲ್ಲಿ ತಂಬಾಕು ಬಳಸುತ್ತಾರೆ. ಎಲೆ-ಅಡಿಕೆಯೊಡನೆ ತಂಬಾಕು ಸೇರಿಸುವವರು, ಅಂಗೈಯಲ್ಲಿ ಸುಣ್ಣ ಹಾಕಿ ತಿಕ್ಕಿ ದವಡೆಗೆ ಇಟ್ಟುಕೊಳ್ಳುವವರು, ಮಿಶ್ರಿ ಎಂಬ ಹುರಿದ ತಂಬಾಕಿನ ಪುಡಿಯಿಂದ ಹಲ್ಲುಜ್ಜುವ ತಾಯಂದಿರು ನಮ್ಮ ನಡುವೆಯೇ ಇದ್ದಾರೆ. ತಂಬಾಕಿನಲ್ಲಿರುವ ನೈಟ್ರೋಸಮೈನ್ ಎಂಬ ರಾಸಾಯನಿಕಗಳು ಬಾಯಿಯ ಕೋಶಗಳ ಡಿಎನ್‌ಎಗೆ ಅಂಟಿಕೊಂಡು ನಕಲಿನ ತಪ್ಪನ್ನು ಹೆಚ್ಚಿಸುತ್ತವೆ. ದಿನಕ್ಕೊಂದು ಪೊಟ್ಟಣ ಸಿಗರೇಟು ಸೇದುವವನ ಶ್ವಾಸಕೋಶದ ಪ್ರತಿಯೊಂದು ಕೋಶದಲ್ಲಿ ವರ್ಷಕ್ಕೆ ಸರಾಸರಿ 150 ಹೊಸ ತಪ್ಪುಗಳು ಸೇರುತ್ತವೆ ಎಂದು 2016ರ ಸಂಶೋಧನೆಯೊಂದು ಲೆಕ್ಕ ಕೊಟ್ಟಿದೆ. ತಂಬಾಕಿಲ್ಲದ ಅಡಿಕೆಯೂ ನಿರಪಾಯಕಾರಿಯಲ್ಲ. ಅದರಿಂದ ಬಾಯಿಯ ಒಳಚರ್ಮ ಗಟ್ಟಿಯಾಗಿ ಬಾಯಿ ತೆರೆಯಲಾಗದ ಸ್ಥಿತಿ ಬರುತ್ತದೆ, ಕ್ರಮೇಣ ಕ್ಯಾನ್ಸರ್ ಆಗುವುದೂ ಉಂಟು.

ಇದನ್ನು ಬರೆಯುವಾಗ ನಮ್ಮ ನೆರೆಯ ರೈತರ ಮುಖವನ್ನು ಮರೆಯುವಂತಿಲ್ಲ. ಸಂಕೇಶ್ವರದಿಂದ ಹೆದ್ದಾರಿ ಹಿಡಿದರೆ ದೂರವಲ್ಲದ ನಿಪ್ಪಾಣಿಯ ಹೆಸರು ತಂಬಾಕಿನೊಡನೆ ಹೊಂದಿಕೊಂಡೇ ಬಂದಿದೆ. ನ್ಯಾಯವಾದ ಬೆಲೆಗಾಗಿ ಅಲ್ಲಿಯ ಬೆಳೆಗಾರರು 1981ರಲ್ಲಿ ಶರದ್ ಜೋಶಿಯವರ ನೇತೃತ್ವದಲ್ಲಿ ಹೆದ್ದಾರಿಯಲ್ಲಿ ಕುಳಿತಾಗ ಗುಂಡೇಟಿಗೆ ಪ್ರಾಣ ತೆತ್ತವರಿದ್ದಾರೆ. ಬೆಳೆಯುವವನನ್ನು ದೂಷಿಸುವುದು ಸುಲಭ. ಅವನಿಗೆ ಅಷ್ಟೇ ಆದಾಯದ ಬೇರೆ ಬೆಳೆಯ ದಾರಿ ತೋರಿಸುವುದು ಸರ್ಕಾರ, ಸಹಕಾರ ಸಂಘಗಳು ಮತ್ತು ಸಮಾಜದ ಹಿರಿಯರೆಲ್ಲರ ಹೊಣೆ. ತಂಬಾಕು ತಿಂದು ರೋಗಿಯಾದವನನ್ನು ಪಾಪಿಯೆನ್ನುವುದೂ ಸಲ್ಲದು. ತಂಬಾಕಿನಲ್ಲಿರುವ ನಿಕೋಟಿನ್ ಮಿದುಳನ್ನು ಕಟ್ಟಿಹಾಕುವ ವಸ್ತು. ಚಟ ಬಿಡಿಸಲು ನಿಂದೆ ಸಾಲದು, ನೆರವು ಬೇಕು.

ಆ ನೆರವನ್ನು ಧರ್ಮ ಹೇಗೆ ಕೊಡಬಲ್ಲದೆಂಬುದಕ್ಕೆ ನಮ್ಮ ಕಣ್ಣೆದುರಿನ ನಿದರ್ಶನ ಇಳಕಲ್ಲ ಚಿತ್ತರಗಿ ಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು. 1975ರಲ್ಲಿ ಅವರು ‘ಮಹಾಂತ ಜೋಳಿಗೆ’ಯನ್ನು ಹೆಗಲಿಗೇರಿಸಿ ಮನೆಮನೆಗೆ ಹೊರಟರು. ಸ್ವಾಮಿಗಳು ಬಂದರೆ ಜೋಳವನ್ನೋ ಹಣವನ್ನೋ ಕೇಳುವರೆಂದು ಜನ ತಿಳಿದಿದ್ದರೆ, ಅವರು ಕೇಳಿದ ಭಿಕ್ಷೆಯೇ ಬೇರೆ. ಮದ್ಯವನ್ನೂ ತಂಬಾಕನ್ನೂ ಇನ್ನಿತರ ದುಶ್ಚಟಗಳನ್ನೂ ಈ ಜೋಳಿಗೆಗೆ ಹಾಕಿಬಿಡಿ ಎಂದು ಕೈಯೊಡ್ಡಿದರು. ಊರೂರು ತಿರುಗಿದ ಆ ಜೋಳಿಗೆಗೆ ಚಟಗಳನ್ನು ಹಾಕಿ ಹಗುರಾದವರು ಬಹಳ ಮಂದಿ. 2018ರ ಮೇ ತಿಂಗಳಲ್ಲಿ ಅವರು ಲಿಂಗೈಕ್ಯರಾದರು. ಅವರ ಜನ್ಮದಿನವಾದ ಆಗಸ್ಟ್ 1ನ್ನು ರಾಜ್ಯದಲ್ಲಿ ವ್ಯಸನಮುಕ್ತ ದಿನವೆಂದು ಆಚರಿಸಲಾಗುತ್ತಿದೆ. ಜೀವಕೋಶದ ವಿಜ್ಞಾನಿಗಳು ಪ್ರಯೋಗಾಲಯದಲ್ಲಿ ಕಂಡ ಸತ್ಯಕ್ಕೆ ಹಳ್ಳಿಯ ಕಟ್ಟೆಯ ಮೇಲೆ ಫಲ ದೊರೆತದ್ದು ಇಂಥ ಜೋಳಿಗೆಯಿಂದ. 2013ರ ಮೇ ತಿಂಗಳಲ್ಲಿ ನಮ್ಮ ರಾಜ್ಯ ಗುಟ್ಕಾವನ್ನು ನಿಷೇಧಿಸಿತು. ಕಾನೂನಿನ ಕೈ ತಲುಪದ ಮನಸ್ಸಿನ ಮೂಲೆಗೆ ಗುರುವಿನ ಮಾತು ತಲುಪಬಲ್ಲದು.

ಪ್ರಾರ್ಥನೆಯಿಂದ ಏನಾಗುತ್ತದೆ?

ಭಕ್ತರು ಕೇಳುವ ನ್ಯಾಯವಾದ ಪ್ರಶ್ನೆಯಿದು. ಇದನ್ನು ವಿಜ್ಞಾನಿಗಳು ಪರೀಕ್ಷಿಸಿಯೂ ನೋಡಿದ್ದಾರೆ. ಅಮೆರಿಕದ ಹಾರ್ವರ್ಡ್‌ನ ಡಾ. ಹರ್ಬರ್ಟ್ ಬೆನ್ಸನ್ ಪ್ರಾರ್ಥನೆಯ ವಿರೋಧಿಯಲ್ಲ; ಧ್ಯಾನದಿಂದ ದೇಹಕ್ಕೆ ದೊರೆಯುವ ವಿಶ್ರಾಂತಿಯನ್ನು ದಶಕಗಳ ಕಾಲ ಅಧ್ಯಯನ ಮಾಡಿದವರು. ಅವರ ನೇತೃತ್ವದಲ್ಲಿ ಹೃದಯದ ಬೈಪಾಸ್ ಶಸ್ತ್ರಚಿಕಿತ್ಸೆಗೆ ಒಳಗಾದ 1802 ರೋಗಿಗಳನ್ನು ಮೂರು ಗುಂಪು ಮಾಡಿ ನಡೆಸಿದ ಪರೀಕ್ಷೆಯ ಫಲಿತಾಂಶ 2006ರಲ್ಲಿ ಹೊರಬಂತು. ಎರಡು ಗುಂಪಿನವರಿಗೆ ತಮಗಾಗಿ ಪ್ರಾರ್ಥನೆ ನಡೆಯುತ್ತಿದೆಯೋ ಇಲ್ಲವೋ ಎಂಬುದು ಖಚಿತವಾಗಿ ಗೊತ್ತಿರಲಿಲ್ಲ. ಅವರಲ್ಲಿ ಪ್ರಾರ್ಥನೆ ಪಡೆದವರಲ್ಲಿ ಶೇ. 52ರಷ್ಟು, ಪಡೆಯದವರಲ್ಲಿ ಶೇ. 51ರಷ್ಟು ಮಂದಿಗೆ ತೊಡಕುಗಳಾದವು. ಪ್ರಾರ್ಥನೆ ನಡೆಯುತ್ತಿದೆಯೆಂದು ಖಚಿತವಾಗಿ ತಿಳಿದಿದ್ದ ಮೂರನೆಯ ಗುಂಪಿನಲ್ಲಿ ತೊಡಕು ಶೇ. 59ಕ್ಕೆ ಏರಿತ್ತು. ದೂರದಲ್ಲಿ ಕುಳಿತು ಮಾಡಿದ ಪ್ರಾರ್ಥನೆ ದೇಹದ ಗಾಯವನ್ನು ಬೇಗ ಮಾಯಿಸುತ್ತದೆಂಬುದಕ್ಕೆ ಅಲ್ಲಿ ಪುರಾವೆ ದೊರೆಯಲಿಲ್ಲ.

ಭಕ್ತನು ಇದರಿಂದ ಕಂಗೆಡಬೇಕಾಗಿಲ್ಲ. ಶಿವನನ್ನು ಶೇಕಡಾವಾರು ಲೆಕ್ಕದಲ್ಲಿ ಹಿಡಿಯಲು ಹೊರಟದ್ದೇ ಭಕ್ತಿಗೆ ಹೊರತಾದ ಕೆಲಸ. ಇಷ್ಟಲಿಂಗಪೂಜೆ ವ್ಯಾಪಾರವಲ್ಲ, ಇಷ್ಟು ಪೂಜೆಗೆ ಇಷ್ಟು ಆರೋಗ್ಯವೆಂಬ ಕರಾರು ಅದರಲ್ಲಿಲ್ಲ. ಅಂಗೈಯ ಲಿಂಗದಲ್ಲಿ ದೃಷ್ಟಿ ನೆಟ್ಟು ಕುಳಿತವರಿಗೆ ದೊರೆಯುವ ಮನಸ್ಸಿನ ಸಮಾಧಾನ ನಿಜವಾದುದು. ಕೀಮೋಥೆರಪಿಯ ಸಂಕಟವನ್ನು ಸಹಿಸಲು, ಧೈರ್ಯಗೆಡದೆ ಚಿಕಿತ್ಸೆಯನ್ನು ಪೂರೈಸಲು, ಗುಣವಾಗದ ಸ್ಥಿತಿಯಲ್ಲಿಯೂ ಭಯವಿಲ್ಲದೆ ಬಾಳಲು ಅದು ಆಸರೆಯಾಗುತ್ತದೆ. ಅಷ್ಟನ್ನು ಹೇಳುವುದು ಸತ್ಯ. ವಿಭೂತಿಯಿಂದ ಗಡ್ಡೆ ಕರಗುತ್ತದೆ, ಪೂಜೆ ಮಾಡಿದರೆ ಶಸ್ತ್ರಚಿಕಿತ್ಸೆ ಬೇಡ ಎಂದು ಹೇಳುವುದು ಅಸತ್ಯ. ಅಂಥ ಮಾತನ್ನು ಕಾವಿ ತೊಟ್ಟವರು ಹೇಳಿದರೂ ನಂಬಬಾರದು. ಹಾಗೆಯೇ ಇಂದಿನ ವಿಜ್ಞಾನ ಕಂಡುಹಿಡಿದದ್ದೆಲ್ಲ ನಮ್ಮ ಗ್ರಂಥಗಳಲ್ಲಿ ಮೊದಲೇ ಇತ್ತೆಂದು ಹಿಗ್ಗುವುದೂ ಬೇಡ. ಸುಶ್ರುತ ಸಂಹಿತೆಯಲ್ಲಿ ‘ಅರ್ಬುದ’ವೆಂಬ ಗಡ್ಡೆಯ ವರ್ಣನೆಯಿದೆ, ಅದು ನಮ್ಮ ಪೂರ್ವಿಕರ ಸೂಕ್ಷ್ಮದೃಷ್ಟಿಗೆ ಸಾಕ್ಷಿ. ಆದರೆ ಜೀನು, ಡಿಎನ್‌ಎಗಳು ಅಲ್ಲಿಲ್ಲ. ಇರಲೇಬೇಕೆಂಬ ಹಟ ನಮ್ಮ ಹಿರಿಯರ ಗೌರವವನ್ನು ಹೆಚ್ಚಿಸುವುದಿಲ್ಲ.

ಭಕ್ತರು ಮಾಡಬೇಕಾದುದು

ಕೇರಳದ ತಿರುವನಂತಪುರದ ಸುತ್ತಮುತ್ತ 1996ರಿಂದ ನಡೆದ ಒಂದು ದೊಡ್ಡ ಅಧ್ಯಯನದಲ್ಲಿ ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತರು ಮನೆಮನೆಗೆ ಹೋಗಿ ಜನರ ಬಾಯಿಯನ್ನು ಕಣ್ಣಿನಿಂದ ಪರೀಕ್ಷಿಸಿದರು. ತಂಬಾಕು ಅಥವಾ ಮದ್ಯ ಬಳಸುವವರಲ್ಲಿ ಬಾಯಿ ಕ್ಯಾನ್ಸರಿನಿಂದಾಗುವ ಸಾವು ಇದರಿಂದ ಸುಮಾರು ಮೂರನೆಯ ಒಂದರಷ್ಟು ಕಡಿಮೆಯಾಯಿತೆಂದು 2005ರಲ್ಲಿ ಪ್ರಕಟವಾಯಿತು. ಅಲ್ಲಿ ದುಬಾರಿ ಯಂತ್ರವಿರಲಿಲ್ಲ. ಬಾಯಿ ತೆರೆದು ನೋಡಿದ್ದು, ಸಂಶಯ ಬಂದವರನ್ನು ವೈದ್ಯರ ಬಳಿಗೆ ಕಳಿಸಿದ್ದು, ಇಷ್ಟೇ.

ಆದುದರಿಂದ ವಿಭೂತಿ ಧರಿಸಲು ಕನ್ನಡಿಯ ಮುಂದೆ ನಿಂತಾಗ ತಿಂಗಳಿಗೊಮ್ಮೆಯಾದರೂ ಬಾಯಿಯನ್ನು ಪೂರ್ತಿ ತೆರೆದು ಕೆನ್ನೆಯ ಒಳಭಾಗ, ನಾಲಿಗೆಯ ಅಂಚು, ಒಸಡುಗಳನ್ನು ನೋಡಿಕೊಳ್ಳಿರಿ. ಎರಡು ಮೂರು ವಾರ ಕಳೆದರೂ ಮಾಯದ ಹುಣ್ಣು, ಬಿಳಿ ಅಥವಾ ಕೆಂಪು ಮಚ್ಚೆ, ಬಾಯಿ ತೆರೆಯಲು ಬಿಗಿತ, ನುಂಗಲು ಕಷ್ಟ, ಗುಣವಾಗದ ದನಿಯ ಬದಲಾವಣೆ, ಎದೆಯಲ್ಲಿ ಗಂಟು, ಮುಟ್ಟು ನಿಂತ ಮೇಲೆ ಮತ್ತೆ ರಕ್ತಸ್ರಾವ ಇವುಗಳಲ್ಲಿ ಯಾವುದು ಕಂಡರೂ ತಡಮಾಡದೆ ವೈದ್ಯರಿಗೆ ತೋರಿಸಬೇಕು. ಇವೆಲ್ಲವೂ ಕ್ಯಾನ್ಸರೇ ಎಂದಲ್ಲ; ಹೌದೋ ಅಲ್ಲವೋ ಎಂದು ಹೇಳಬೇಕಾದವರು ವೈದ್ಯರು. ಗಡ್ಡೆಗೆ ಸೂಜಿ ಹಾಕಿ ಪರೀಕ್ಷಿಸಿದರೆ ರೋಗ ಹರಡುತ್ತದೆಂಬ ಭಯ ನಮ್ಮಲ್ಲಿ ಬೇರೂರಿದೆ. ಆ ಭಯದಿಂದ ಪರೀಕ್ಷೆಯನ್ನು ತಪ್ಪಿಸಿಕೊಂಡವರಿಗೆ ಆಗುವ ನಷ್ಟವೇ ದೊಡ್ಡದು.

ದೂರದ ಮುಂಬಯಿಗೆ ಹೋಗಬೇಕಾದ ಕಾಲವೂ ಈಗ ಇಲ್ಲ. ಬೆಳಗಾವಿಯಲ್ಲಿ ಕೆಎಲ್‌ಇ ಸಂಸ್ಥೆಯ ಕ್ಯಾನ್ಸರ್ ಆಸ್ಪತ್ರೆಯನ್ನು 2025ರ ಜನವರಿ 3ರಂದು ರಾಷ್ಟ್ರಪತಿ ಶ್ರೀಮತಿ ದ್ರೌಪದಿ ಮುರ್ಮು ಅವರು ಉದ್ಘಾಟಿಸಿದರು. ಹುಬ್ಬಳ್ಳಿಯ ನವನಗರದಲ್ಲಿ ಕ್ಯಾನ್ಸರ್ ಆಸ್ಪತ್ರೆಯಿದೆ. ಬೆಂಗಳೂರಿನಲ್ಲಿ ಸರ್ಕಾರದ ಕಿದ್ವಾಯಿ ಸ್ಮಾರಕ ಸಂಸ್ಥೆಯಿದೆ. ಬಿಪಿಎಲ್ ಕಾರ್ಡಿನ ಕುಟುಂಬಗಳಿಗೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ವರ್ಷಕ್ಕೆ 5 ಲಕ್ಷ ರೂಪಾಯಿವರೆಗೆ ಚಿಕಿತ್ಸೆಗೆ ನೆರವುಂಟು. ಕಿದ್ವಾಯಿಯಲ್ಲಿ ದೀರ್ಘಕಾಲ ಸೇವೆ ಸಲ್ಲಿಸಿದ ಶಸ್ತ್ರವೈದ್ಯೆ ಡಾ. ವಿಜಯಲಕ್ಷ್ಮಿ ದೇಶಮಾನೆ ಅವರು ಕಲಬುರಗಿಯ ಬಡ ಕುಟುಂಬದಲ್ಲಿ ಹುಟ್ಟಿ, ತರಕಾರಿ ಮಾರಿ ಸಂಸಾರ ಸಾಗಿಸಿದ ತಾಯಿಯ ಮಗಳಾಗಿ ಬೆಳೆದು, 2025ರಲ್ಲಿ ಪದ್ಮಶ್ರೀ ಗೌರವಕ್ಕೆ ಪಾತ್ರರಾದವರು. ಕಾಯಕ ಯಾವ ಎತ್ತರಕ್ಕೆ ಏರಬಲ್ಲದೆಂಬುದಕ್ಕೆ ಅವರ ಬಾಳು ಕನ್ನಡಿ.

ಹಣದ ನೆರವು ದೊರೆತರೂ ರೋಗಿಯ ಮನೆಗೆ ಬೇಕಾದುದು ಬೇರೆ ಬಹಳ ಇರುತ್ತದೆ. ಕಿರಣ ಚಿಕಿತ್ಸೆಗೆ ವಾರಕ್ಕೆ ಐದು ದಿನ ಬೆಳಗಾವಿಗೆ ಜೊತೆಯಾಗಿ ಹೋಗುವವರು ಯಾರು? ಮನೆಯ ಎಮ್ಮೆಗೆ ಮೇವು ಹಾಕುವವರು ಯಾರು? ಶಾಲೆಯಿಂದ ಬರುವ ಮಕ್ಕಳಿಗೆ ರೊಟ್ಟಿ ಬಡಿದು ಕೊಡುವವರು ಯಾರು? ನಿಡಸೋಸಿಯ ಶ್ರೀ ದುರದುಂಡೀಶ್ವರ ಸಿದ್ಧಸಂಸ್ಥಾನ ಮಠದ ಭಕ್ತರಿಗೆ ದಾಸೋಹವನ್ನು ಹೊಸದಾಗಿ ಕಲಿಸಬೇಕಾಗಿಲ್ಲ. ಮಠದ ಪಂಕ್ತಿಯಲ್ಲಿ ಸಾವಿರಾರು ಜನರಿಗೆ ಉಣಬಡಿಸುವ ಕೈಗಳು ನಮ್ಮವೇ. ಹುಕ್ಕೇರಿ, ಗೋಕಾಕ, ಮೂಡಲಗಿ ತಾಲ್ಲೂಕುಗಳ ಪ್ರತಿಯೊಂದು ಊರಿನಲ್ಲಿ ನಾಲ್ಕಾರು ಭಕ್ತರು ಕೂಡಿ ಇಂಥ ಒಂದೊಂದು ಮನೆಯ ಹೊಣೆ ಹೊತ್ತರೆ ಅದು ಪಂಕ್ತಿಯ ದಾಸೋಹಕ್ಕೆ ಸಮನಾದ ಸೇವೆಯಾಗುತ್ತದೆ. ಜಾತ್ರೆ, ಶಿವಾನುಭವ ಗೋಷ್ಠಿಗಳ ಸಂದರ್ಭದಲ್ಲಿ ಬಾಯಿ ತಪಾಸಣೆಯ ಶಿಬಿರವೊಂದನ್ನು ಏರ್ಪಡಿಸುವ ವಿಚಾರವನ್ನೂ ಊರ ಹಿರಿಯರು ಮಾಡಲಿ.

ಮುಂದಿನ ಬಾರಿ ನೆರೆಯವರ ಮನೆಯಲ್ಲಿ ಕ್ಯಾನ್ಸರ್ ಎಂಬ ಮಾತು ಕೇಳಿದಾಗ ಕರ್ಮವೆಂದು ನಿಟ್ಟುಸಿರು ಬಿಡಬೇಡಿರಿ. ಯಾವ ಆಸ್ಪತ್ರೆಗೆ ತೋರಿಸಿದ್ದೀರಿ, ನಾಳೆ ಜೊತೆಗೆ ಯಾರು ಬರಲಿ ಎಂದು ಕೇಳಿರಿ. ಕಾಯವನ್ನು ಶಿವನ ಆಲಯವೆಂದು ಕಂಡ ಶರಣರ ಮಕ್ಕಳು ನಾವು. ಆಲಯದ ಗೋಡೆ ಬಿರುಕು ಬಿಟ್ಟರೆ ಅದನ್ನು ದೇವರ ಕೋಪವೆಂದು ಕೈಕಟ್ಟಿ ಕುಳಿತುಕೊಳ್ಳುವ ಭಕ್ತನಿಲ್ಲ. ಕೆಲಸ ಬಲ್ಲವರನ್ನು ಕರೆತಂದು ದುರಸ್ತಿ ಮಾಡಿಸುತ್ತಾನೆ.